ಕಾಗೆಕೆಸದ ಬುತ್ತಿ

ಮೂರನೆಯ ಸಲ ತೊಳೆದ ಮೇಲೂ ಬೇರಿನ ಸಂದಿಯಲ್ಲಿ ಇನ್ನೂ ಏನೋ ಉಳಿದಿದೆ ಎಂದೇ ಸೀತಾರಾಮಪ್ಪನಿಗೆ ಅನಿಸುತ್ತಿತ್ತು. ನೀಲಿ ಡ್ರಮ್ಮನ್ನು ಅಡ್ಡ ಕೊಯ್ದು ಮಾಡಿದ ತೊಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಗಿಡ ಎತ್ತಿ, ಬಿಳಿಯ ಬೇರುಗಳನ್ನು ಸಿಕ್ಕುಗೂದಲು ಬಿಡಿಸಿದ ಹಾಗೆ ಬಿಡಿಸಿ, ಬಕೆಟ್ಟಿನ ನೀರಿಗೆ ಅದ್ದಿ, ಮೇಲೆತ್ತಿ ಮೂಸಿ ನೋಡುತ್ತಿದ್ದ. ಪಾಚಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಮತ್ತೆ ಅದ್ದಿದ. ಜೂನ್ ತಿಂಗಳ ಮೊದಲ ವಾರ. ಕರಾವಳಿಗೆ ಮಳೆ ಬಂತಂತೆ ಎಂಬ ಸುದ್ದಿ ಮಾತ್ರ ಘಟ್ಟ ಹತ್ತಿ ಬಂದಿತ್ತು. ಕಾರ್ಗಲ್ಲಿನ ಆಕಾಶ ಬೆಳಗಿನ ಏಳಕ್ಕೇ ಬಿಳಿಚಿಕೊಂಡು ಕಾಯತೊಡಗಿತ್ತು. ತೊಟ್ಟಿಯಲ್ಲಿ ಉಳಿದ ಗಿಡಗಳ ಎಲೆಗಳು ಒದ್ದೆ ಕಾಗೆರೆಕ್ಕೆಯ ಬಣ್ಣದಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ. ಇಬ್ಬನಿಯಲ್ಲ ಅದು. ರಾತ್ರಿಯೆಲ್ಲ ಬೇರು ಕುಡಿದದ್ದರಲ್ಲಿ ತನಗೆ ಹೆಚ್ಚಾದ ನೀರನ್ನು ಗಿಡ ಬೆಳಗಿನ ಜಾವ ಎಲೆಯ ತುದಿಯಿಂದ ಹೊರಗೆ ಬಿಡುತ್ತದೆ. ಎಷ್ಟು ಸಲ ನೋಡಿದ್ದನೋ ಅದನ್ನು. ಇವತ್ತು ಮಾತ್ರ ಆ ಹನಿಗಳನ್ನು ಕಂಡು ಅವನಿಗೆ ಹೊಟ್ಟೆಕಿಚ್ಚಿನಂಥದ್ದು ಏನೋ ಆಯಿತು.

ಕೊಟ್ಟಿಗೆಯ ಕಡೆಯಿಂದ ಬಂದ ಹೆಂಡತಿ ಕೆರಿಯಮ್ಮ ಅವನ ಪಕ್ಕ ಒಂದು ಅಡಿಕೆ ಹಾಳೆಯ ತುಂಡು ಇಟ್ಟಳು. ಅದರ ಮೇಲೆ ಬೂದಿ ಬೆರೆಸಿ ನಾದಿದ ಸಗಣಿಯ ಉಂಡೆಗಳು ಎಂಟು, ಸಾಲಾಗಿ, ಒಂದೊಂದರ ಮೇಲೂ ಅವಳ ಹೆಬ್ಬೆರಳಿನ ಗುರುತು. ಅವನು ತಲೆ ಎತ್ತಲಿಲ್ಲ. ಕೆಸದ ಗಡ್ಡೆ ನೆಡುವಾಗ ಬೇರಿಗೆ ಸಗಣಿಯ ಉಂಡೆ ಒತ್ತಿ ಬಾಳೆನಾರಿನಿಂದ ಸುತ್ತುವುದು ಅವಳ ತವರಿನ ಕ್ರಮ. ಅವಳ ಅವ್ವ ಮಾಡುತ್ತಿದ್ದಳು, ಅವ್ವನ ಅವ್ವ ಮಾಡುತ್ತಿದ್ದಳು. ಅದಕ್ಕೆ ಅವರು ಬುತ್ತಿ ಕಟ್ಟುವುದು ಎನ್ನುತ್ತಿದ್ದರು. ಹೊಸ ಜಾಗಕ್ಕೆ ಹೊರಟ ಗಡ್ಡೆ ಬರಿಗೈಯಲ್ಲಿ ಹೋಗಬಾರದು, ಅಲ್ಲಿ ಮಣ್ಣಿನ ಗುರುತು ಸಿಗುವವರೆಗೆ ಮನೆಯದು ತಿಂದುಕೊಂಡಿರಬೇಕು. ಗಾಜಿನ ತೊಟ್ಟಿಗಳಲ್ಲಿ, ಕೊಳಗಳಲ್ಲಿ ಅಂದಕ್ಕೆ ಬೆಳೆಸುವ ಈ ಕರಿ ಎಲೆಯ ಕೆಸದ ಮೇಲೆ ಅವಳಿಗೆ ಮೊದಲು ನಂಬಿಕೆಯೇ ಇರಲಿಲ್ಲ. ಪಾರ್ಸೆಲ್ಲಿನಲ್ಲಿ ಮೂರು ಗಡ್ಡೆ ಬಂದ ದಿನ, ತಿನ್ನಕ್ಕೆ ಆಗದ ಕೆಸ ಎಂಥಾ ಕೆಸ ಎಂದು ಮೂಗು ಮುರಿದಿದ್ದಳು. ಚೀಟಿಯ ಮೇಲಿದ್ದ ಇಂಗ್ಲಿಷ್ ಹೆಸರು ಬಾಯಿಗೆ ಬಾರದೆ ಕಾಗೆಕೆಸ ಎಂದು ಕರೆದಿದ್ದಳು. ಎರಡು ವರ್ಷದಲ್ಲಿ ಮೂರು ನೂರಾಯಿತು. ಈಗ ಸಾಗರದ ಮೀನಿನ ಅಂಗಡಿಯವನೂ ಕಾಗೆಕೆಸ ಎಂದೇ ಫೋನಿನಲ್ಲಿ ಕೇಳುತ್ತಾನೆ.

ಬೇಡ, ಇವತ್ತು ಬುತ್ತಿ ಬೇಡ ಎಂದ ಅವನು. ಎಂತಕೆ ಎಂದು ಕೇಳಿದಳು. ಬೇಡ ಅಂದೆನಲ್ಲ ಎಂದು ಹೇಳಿದ್ದು ಅವನಿಗೇ ಒರಟಾಗಿ ಕೇಳಿಸಿತು. ಅವಳು ಹಾಳೆ ಎತ್ತಿಕೊಂಡು ಹೋದಳು. ಕೊಟ್ಟಿಗೆಯ ಗೋಡೆಗೆ ಉಂಡೆಗಳನ್ನು ಒಂದೊಂದಾಗಿ ಬಡಿಯುವ ಸದ್ದು ಕೇಳಿತು. ಎಂಟನ್ನೂ ಅವನು ಎಣಿಸಿದ.

ನಾಲ್ಕು ದಿನದ ಹಿಂದೆ ಫೋನ್ ಬಂದಾಗಲೂ ಅವನು ಇದೇ ತೊಟ್ಟಿಯ ಪಕ್ಕದಲ್ಲಿದ್ದ. ತೀರ್ಥಹಳ್ಳಿಯ ಆಚೆ ಮಂಜಯ್ಯಗೌಡರ ಮನೆಯ ಸೊಸೆ ಮೇಘನಾ. ಮನೆಯ ಹಿಂದಿನ ಜಾಗದಲ್ಲಿ ನಾಲ್ಕು ಕೋಣೆ ಕಟ್ಟಿಸಿ ಬಂದುಹೋಗುವವರಿಗೆ ಹೋಂಸ್ಟೇ ಮಾಡಿದ್ದಳು. ಅದರ ನಡುವೆ ಎರಡು ಮಂಚದಗಲದ ಒಂದು ಕೊಳ, ಸುತ್ತ ಕರಿಕಲ್ಲಿನ ಅಂಚು, ಬಣ್ಣಬಣ್ಣದ ಒಂಬತ್ತು ಮೀನು. ಫೋನಿಗೆ ಒಂದು ವಾರ ಮೊದಲು ಅದರಲ್ಲಿ ಹತ್ತು ಕಾಗೆಕೆಸ ಜಾಲರಿ ಬುಟ್ಟಿಗಳಲ್ಲಿ ಕೂರಿಸಿ ಬಂದವನು ಅವನೇ. ಮೀನೆಲ್ಲ ಹೋದವು ಅಂಕಲ್ ಎಂದು ಅವಳು ಹೇಳಿದಾಗ ಧ್ವನಿ ಒದ್ದೆಯಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲವೂ ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವಂತೆ. ಹಿಂದಿನ ದಿನ ಕರೆಂಟಿಲ್ಲದೆ ಪಂಪು ನಿಂತಿತ್ತು, ಆದರೆ ಪಂಪು ಎಷ್ಟೋ ಸಲ ನಿಂತದ್ದಿದೆ, ಏನೂ ಆಗಿರಲಿಲ್ಲ. ಇದು ತೋಟದ ಆಳು ಕನ್ನಪ್ಪನ ಕೆಲಸ ಎಂದಳು. ತೋಟಕ್ಕೆ ಔಷಧಿ ಹೊಡೆದವನು ನೀಲಿ ಮೈಲುತುತ್ತದ ಡ್ರಮ್ಮನ್ನೋ ಕೈಯನ್ನೋ ಕೊಳದಲ್ಲಿ ತೊಳೆದಿದ್ದಾನೆ. ನಿಮ್ಮ ಗಿಡ ಚೆನ್ನಾಗಿವೆ ಅಂಕಲ್, ಬುಟ್ಟಿ ಸಮೇತ ಎತ್ತಿ ನೆರಳಿಗಿಟ್ಟಿದ್ದೇವೆ, ನೀರು ಬದಲಿಸಿದ್ದೇವೆ, ನೀವು ಬಂದು ಮತ್ತೆ ಕೂರಿಸಿಕೊಡಿ, ಇನ್ನೂ ಎಂಟು ತನ್ನಿ, ಶನಿವಾರ ಹೊಸ ಮೀನು ಬರುತ್ತವೆ. ಬಾಯಿ ತೆರೆದು ಮುಚ್ಚಿ ಎಂಬ ಮಾತಿನ ಆಚೆಗೆ ಅವನು ಸರಿಯಾಗಿ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರನಾಗಿ ಮೀನಿನ ತೊಟ್ಟಿ ನೋಡಿಕೊಂಡವನು ಅವನು. ಬೆಳಗಿನ ಜಾವ ಮೀನು ಮೇಲೆ ಬಂದು ಗಾಳಿ ಕುಡಿಯುತ್ತದೆ ಎಂದರೆ ನೀರಿನಲ್ಲಿ ಏನೋ ಕೊಳೆಯುತ್ತಿದೆ, ಉಸಿರನ್ನೆಲ್ಲ ಅದೇ ತಿನ್ನುತ್ತಿದೆ ಎಂದು ಅರ್ಥ. ಏನು ಕೊಳೆಯುತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು. ಅವನು ಹೇಳಿದ್ದು ಒಂದೇ ಮಾತು: ಪಾಪ. ಯಾರಿಗೆ ಪಾಪ ಎಂದು ಆಮೇಲೆ ಯೋಚಿಸಿದ. ಮೀನಿಗೋ, ಕನ್ನಪ್ಪನಿಗೋ, ತನಗೋ.

ತಾಳಗುಪ್ಪ, ಸಾಗರ ದಾಟಿ ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ ಗೋಣಿಯ ಬಾಯಿಂದ ಎರಡು ಎಲೆ ಹೊರಗೆ ಇಣುಕಿದ್ದವು. ಪಕ್ಕದ ಸೀಟಿನ ಹೆಂಗಸೊಬ್ಬಳು ಅವನ್ನೇ ನೋಡುತ್ತ ಬಂದವಳು ಕೊನೆಗೆ, ಕರಿಕೆಸವಾ, ಪತ್ರೊಡೆಗೆ ನಾಕು ಎಲೆ ಕೊಡ್ತೀರಾ ಎಂದು ಕೇಳಿದಳು. ಇದು ತಿನ್ನುವುದಲ್ಲ, ಗಂಟಲು ತುರಿಸುತ್ತದೆ ಎಂದ. ಹುಳಿ ಹಾಕಿದರೆ ಯಾವ ತುರಿಕೆ ಉಳಿಯುತ್ತದೆ ಎಂದಳು. ಇದು ನೋಡುವುದಕ್ಕೆ, ಮೀನಿನ ತೊಟ್ಟಿಯ ಅಂಚಿನಲ್ಲಿ ಬೇರು ಮಾತ್ರ ನೀರಿಗೆ ಬಿಟ್ಟು ಇಡುತ್ತಾರೆ, ಮೀನಿನ ಹೊಲಸನ್ನೆಲ್ಲ ಬೇರು ಹೀರಿ ನೀರು ತಿಳಿಯಾಗುತ್ತದೆ ಎಂದು ವಿವರಿಸಿದ. ಅವಳು ಹಿಂದಿನ ಸೀಟಿಗೆ ತಿರುಗಿ, "ನೋಡಕ್ಕಂತೆ ಕಣೇ ಕೆಸ. ನಮ್ಮನೆ ಬಚ್ಚಲ ಹಿಂದೆ ಇಷ್ಟು ದಿನ ದುಡ್ಡೇ ಬಿದ್ದಿತ್ತು" ಎಂದಳು. ಸುತ್ತಲಿನವರು ನಕ್ಕರು. ಅವನೂ ನಕ್ಕ. ನಗುವಾಗಲೇ ಅವನ ಎಡಗೈ ಚೀಲದೊಳಗೆ ಹೋಗಿ ಸೋಪಿನ ಡಬ್ಬಿ ಇದೆಯೇ ಎಂದು ಮುಟ್ಟಿ ನೋಡಿತು.

ಆ ಡಬ್ಬಿ ಲ್ಯಾಬಿನ ದಿನಗಳಿಂದ ಜೊತೆಗೆ ಬಂದದ್ದು. ಕೆಲಸಕ್ಕೆ ಸೇರಿದ ಎರಡನೆಯ ವಾರ, ಪ್ರಾಕ್ಟಿಕಲ್ ಕ್ಲಾಸಿನಲ್ಲಿ, ಗಾಜಿನ ಪಟ್ಟಿ ಹಂಚುತ್ತಿದ್ದವನನ್ನು ಲೆಕ್ಚರರು ತಡೆದು, ಎಲ್ಲಿ ಕೈ ತೋರಿಸು ಎಂದಿದ್ದರು. ಬೆಳಿಗ್ಗೆ ಹಾಲು ಕರೆದು, ಕೊಟ್ಟಿಗೆ ಬಾಚಿ, ಮೊದಲ ಬಸ್ಸಿಗೆ ಓಡಿಬಂದ ಕೈ. ಉಗುರಿನ ಸಂದಿಯಲ್ಲಿ ಹಸಿರು ಗೆರೆ. ತಿರುಗಿಸು ಎಂದರು, ತಿರುಗಿಸಿದ. ಕೆಟ್ಟ ಮನುಷ್ಯರಲ್ಲ ಅವರು, ನಗುತ್ತಲೇ ಹೇಳಿದ್ದು: ಕೊಟ್ಟಿಗೆ ಮನೇಲಿರಲಿ ಸೀತಾರಾಮ, ಲ್ಯಾಬಿಗೆ ಕರ್ಕೊಂಡು ಬರಬೇಡ. ಮುಂದಿನ ಬೆಂಚಿನ ಹುಡುಗಿಯರು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡದ್ದು ನಗುವಿಗೋ ವಾಸನೆಗೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಸಂಜೆ ಸಾಗರದಲ್ಲಿ ಸೋಪು ಕೊಂಡ. ಲ್ಯಾಬಿನಲ್ಲಿ ಇದ್ದಷ್ಟು ವರ್ಷವೂ ಗೇಟಿನ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯದೆ ಒಳಗೆ ಹೋದವನಲ್ಲ. ರಿಟೈರಾಗಿ ಎರಡು ವರ್ಷವಾದರೂ ಡಬ್ಬಿ ಚೀಲದಲ್ಲೇ ಇತ್ತು. ಬಸ್ಸು ಕೋಣಂದೂರು ದಾಟಿತ್ತು. ಕಿಟಕಿಯ ಗಾಳಿ ಬಿಸಿಯಾಗಿತ್ತು, ಗೋಣಿ ಒಣಗಬಾರದೆಂದು ಬಾಟಲಿಯ ನೀರು ಚಿಮುಕಿಸಿದ. ಮೊದಲ ಹತ್ತು ಗಿಡ ತಂದ ದಿನವೂ ಹೀಗೇ ಚಿಮುಕಿಸುತ್ತ ಬಂದಿದ್ದ. ಅಷ್ಟು ಜೋಪಾನವಾಗಿ ತಂದ ಗಂಟನ್ನು ಗೌಡರ ಮನೆಯ ಕರಿಕಲ್ಲಿನ ಮೇಲೆ ಬಿಚ್ಚಿದಾಗ, ಮೊದಲ ಗಿಡದ ಬೇರಿನಲ್ಲಿ ಬಾಳೆನಾರು ಸುತ್ತಿದ ಹಸಿ ಉಂಡೆ. ಎರಡನೆಯದರಲ್ಲೂ. ಹತ್ತರಲ್ಲೂ. ಅವನು ಸ್ನಾನಕ್ಕೆ ಹೋದಾಗ ಕೆರಿಯಮ್ಮ ಕಟ್ಟಿದ್ದಳು. ಅಷ್ಟು ದೂರ ಹೋಗುವ ಗಡ್ಡೆಗಳು, ದೊಡ್ಡವರ ಮನೆಗೆ. ಎದುರಿಗೆ ಮೇಘನಾ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಬಿಳಿಯ ಬಟ್ಟೆಯಲ್ಲಿ ಬಗ್ಗಿ ನೋಡುತ್ತಿದ್ದರು. ಗೌಡರು ಕುರ್ಚಿಯಲ್ಲಿ ಕೂತಿದ್ದರು. ಇಪ್ಪತ್ತು ಹೆಜ್ಜೆ ಆಚೆ ನಲ್ಲಿಯಿತ್ತು. ಎದ್ದು ಹೋಗಿ ತೊಳೆದು ತರಬಹುದಾಗಿತ್ತು. ತೊಳೆಯಬೇಕೆಂದರೆ ಅಷ್ಟು ಜನರ ನಡುವೆ ಸಗಣಿ ಹಿಡಿದು ಹೋಗಬೇಕಾಗಿತ್ತು. ಅವನ ಕೈ ಬೇಗಬೇಗ ಕೆಲಸ ಮಾಡಿತು. ಉಂಡೆ ಸಮೇತ ಗಡ್ಡೆಯನ್ನು ಬುಟ್ಟಿಯಲ್ಲಿಟ್ಟು ಮೇಲೆ ಜಲ್ಲಿ ಸುರಿದು ನೀರಿಗಿಳಿಸಿದ. ಒಂದು ಹಿಡಿ ಸಗಣಿ ಏನು ಮಾಡೀತು ಎಂದು ಮನಸ್ಸು ಹೇಳುತ್ತಿತ್ತು. ಹತ್ತು ಹಿಡಿ ಎಂದು ಕೈ ಎಣಿಸುತ್ತಿತ್ತು.

ಇವತ್ತು ಅವನ ಲೆಕ್ಕಾಚಾರ ಸರಳವಾಗಿತ್ತು, ನಾಲ್ಕು ದಿನ ಅದನ್ನೇ ಮಥಿಸಿದ್ದ. ನೆರಳಿಗಿಟ್ಟ ಬುಟ್ಟಿಗಳಲ್ಲಿ ಉಂಡೆ ಇನ್ನೂ ಇರುತ್ತದೆ. ಹಾಗೇ ಕೊಳಕ್ಕಿಳಿಸಿದರೆ ಹೊಸ ಮೀನೂ ಸಾಯುತ್ತವೆ. ಬುಟ್ಟಿಗಳನ್ನು ನಲ್ಲಿಯ ಹತ್ತಿರ ಒಯ್ದು, ಜಲ್ಲಿ ತೊಳೆಯುವ ನೆಪದಲ್ಲಿ ಎಲ್ಲ ತೊಳೆದುಬಿಡಬೇಕು. ಯಾರಿಗೂ ತಿಳಿಯುವುದಿಲ್ಲ. ಮೀನು ಬದುಕುತ್ತವೆ. ಕೆರಿಯಮ್ಮನಿಗೆ ತನ್ನ ಬುತ್ತಿಯಿಂದ ಏನಾಯಿತೆಂದು ಎಂದೂ ಗೊತ್ತಾಗುವುದಿಲ್ಲ. ಈ ಲೆಕ್ಕದಲ್ಲಿ ಕನ್ನಪ್ಪನೊಬ್ಬ ಎಲ್ಲೂ ಕೂರುತ್ತಿರಲಿಲ್ಲ. ಇಂಥವೆಲ್ಲ ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ ಎಂದು ಅವನನ್ನು ಬದಿಗೆ ಸರಿಸಿದ್ದ.

ಆದರೆ ಗೌಡರ ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಮೇಘನಾ ಪಾನಕ ಕೊಟ್ಟಳು, ಗೌಡರು ಅದೇ ಕುರ್ಚಿಯಲ್ಲಿದ್ದರು. ಎಪ್ಪತ್ತು ದಾಟಿದ, ಇನ್ನೂ ನೆಟ್ಟಗಿದ್ದ ಮನುಷ್ಯ. ಕೊಳದಲ್ಲಿ ಹೊಸ ನೀರು ತಳ ಕಾಣುವಷ್ಟು ತಿಳಿಯಾಗಿ, ಖಾಲಿಯಾಗಿ, ಬಿಸಿಲಿಗೆ ಸುಮ್ಮನೆ ಮಿನುಗುತ್ತಿತ್ತು. ಗೌಡರು ತಾವಾಗಿಯೇ ಹೇಳಿದರು. ಕನ್ನಪ್ಪನನ್ನು ಅಂಗಳಕ್ಕೆ ಕರೆಸಿ, ಎಲ್ಲರೆದುರು ಕೈ ತೋರಿಸು ಎಂದರಂತೆ. ಹತ್ತು ಉಗುರೂ ನೀಲಿ. ಇನ್ನೇನು ಸಾಕ್ಷಿ ಬೇಕು. ಡ್ರಮ್ಮು ಹಳ್ಳದಲ್ಲೇ ತೊಳೆದೆ ಅಂತಾನೆ, ಕೈ ಎಲ್ಲಿ ತೊಳೆದೆ ಎಂದರೆ ಬಾಯಿಲ್ಲ. ಇಪ್ಪತ್ತು ವರ್ಷದಿಂದ ಇರುವ ಆಳು ಎಂದು ಬಿಟ್ಟಿದ್ದೇನೆ, ಕೊಳದ ಕಡೆ ಕಾಲಿಡಬೇಡ ಎಂದಿದ್ದೇನೆ. ಕೆಲಸದವರೆಲ್ಲ ಈಗ ಅವನು ನೀರು ಕೇಳಿದರೆ ದೂರದಿಂದ ಚೊಂಬು ನೂಕುತ್ತಾರಂತೆ, ಕನ್ನಪ್ಪ ಮುಟ್ಟಿದರೆ ನೀರೂ ಸಾಯುತ್ತದೆ ಎಂದು ತಮಾಷೆಗೆ. ಹೇಳಿ ಗೌಡರು ನಕ್ಕರು, ಆದರೆ ನಗು ಪೂರ್ತಿಯಾಗಲಿಲ್ಲ. ಸೀತಾರಾಮಪ್ಪ ಪಾನಕದ ಲೋಟ ಕೆಳಗಿಟ್ಟ. ತನ್ನ ಎರಡು ಕೈಗಳೂ ತೊಡೆಯ ಮೇಲೆ ಅಂಗೈ ಕೆಳಗಾಗಿ ಕೂತಿದ್ದವು. ಅವನ್ನು ತಿರುಗಿಸಬೇಕೆಂದು ಯಾರೋ ಹೇಳಿದ ಹಾಗಾಯಿತು.

ನೆರಳಿನಲ್ಲಿದ್ದ ಬುಟ್ಟಿಗಳನ್ನು ಬಾಂಡಲೆಯಲ್ಲಿಟ್ಟುಕೊಂಡು ನಲ್ಲಿಯ ಕಡೆ ಹೊರಟ. ನಲ್ಲಿ ಔಷಧಿ ಸಾಮಾನಿಡುವ ಶೆಡ್ಡಿನ ಹಿಂಬದಿಯಲ್ಲಿತ್ತು. ಅಲ್ಲಿ ಒಬ್ಬ ಬಗ್ಗಿ ನಿಂತು ತೆಂಗಿನ ನಾರಿನಿಂದ ಕೈ ಉಜ್ಜುತ್ತಿದ್ದ. ಪಕ್ಕದ ಕಲ್ಲಿನ ಮೇಲೆ ಒಂದು ಮುದ್ದೆ ಹುಣಸೆಹಣ್ಣು. ನಲವತ್ತೈದರ ಆಸುಪಾಸು, ಬೆನ್ನು ಬಿಸಿಲಿಗೆ ಕಪ್ಪಾದದ್ದು. ಸೀತಾರಾಮಪ್ಪನನ್ನು ಕಂಡು ಬದಿಗೆ ಸರಿದು, ನಲ್ಲಿ ಬಿಟ್ಟುಕೊಟ್ಟ. ಅಷ್ಟು ದೂರ ಸರಿಯಬೇಕಾಗಿರಲಿಲ್ಲ.

"ನೀವೇನಾ ಅಣ್ಣ ಕೆಸ ತಂದೋರು" ಎಂದ ಕನ್ನಪ್ಪ. ಹೌದೆಂದ. ಗಿಡಕ್ಕೆ ಏನೂ ಆಗಿಲ್ಲವಲ್ಲ ಎಂದು ಕೇಳಿದ. ಇಲ್ಲವೆಂದ. ಸದ್ಯ ಎಂದು ಕನ್ನಪ್ಪ ಮತ್ತೆ ಉಜ್ಜತೊಡಗಿದ. ಉಗುರಿನ ಸುತ್ತ ಚರ್ಮ ಎದ್ದಿತ್ತು, ನೀಲಿ ಮಾತ್ರ ಹಾಗೇ ಇತ್ತು. ಸುಮ್ಮನಿರಲಾರದೆ, ಮೈಲುತುತ್ತ ಉಗುರು ಬೆಳೆದೇ ಹೋಗಬೇಕು, ಉಜ್ಜಿದರೆ ಹೋಗುವುದಿಲ್ಲ ಎಂದ ಸೀತಾರಾಮಪ್ಪ. ಕನ್ನಪ್ಪ ನಾರನ್ನು ನೋಡುತ್ತ ನಿಧಾನ ಮಾತಾಡಿದ. ಮೀನುಗಳಿಗೆ ದಿನಾ ಸಂಜೆ ಮಂಡಕ್ಕಿ ಹಾಕುತ್ತಿದ್ದವನು ತಾನೇ. ಬೆರಳು ನೀರಿಗಿಟ್ಟರೆ ಒಂಬತ್ತೂ ಬಂದು ಚೀಪುತ್ತಿದ್ದವು. ಹಳದಿಯದೊಂದು, ಹೊಟ್ಟೆಬಾಕ, ಕೈಯೇ ಬಿಡುತ್ತಿರಲಿಲ್ಲ. ಹಳ್ಳದಲ್ಲೇ ತೊಳೆದದ್ದು ಎಂದು ಮೊದಲು ಖಾತ್ರಿಯಿತ್ತು.

"ಈಗ ಗೊತ್ತಾಗದಿಲ್ಲ ಅಣ್ಣ. ಎಲ್ರೂ ಹೇಳ್ತಾರೆ. ಬಿಸ್ಲಲ್ಲಿ ಬಂದವ್ನು ಮರ್ತು ಅದಕ್ಕೇ ಕೈ ಹಾಕಿದ್ನೇನೋ. ನಾನೇ ಕೊಂದಿರ್ಬೋದು."

ಸೀತಾರಾಮಪ್ಪ ನಲ್ಲಿ ತಿರುಗಿಸಿದ್ದ. ನೀರು ಬಾಂಡಲೆಯ ಪಕ್ಕಕ್ಕೆ ಬೀಳುತ್ತಿತ್ತು. ಮೊದಲ ಬುಟ್ಟಿಯ ಜಲ್ಲಿಯನ್ನು ಬೆರಳಲ್ಲಿ ಸರಿಸಿದಾಗ, ಬಾಳೆನಾರಿನ ಸುತ್ತಿನೊಳಗೆ ಅರ್ಧ ಕರಗಿ ಅರ್ಧ ಉಳಿದ ಉಂಡೆ ಕಂಡಿತು. ಕರಗದ ಬದಿಯಲ್ಲಿ ಕೆರಿಯಮ್ಮನ ಹೆಬ್ಬೆರಳಿನ ಗುಳಿ ಇನ್ನೂ ಇತ್ತು. ನೀರಿಗೆ ಹಿಡಿದರೆ ಅರೆಗಳಿಗೆಯ ಕೆಲಸ. ಹಸಿರು ನೀರು ಚರಂಡಿಗೆ ಹರಿದು, ಪಕ್ಕದ ಬಾಳೆಬುಡಕ್ಕೆ ಇಂಗಿ ಹೋಗುತ್ತಿತ್ತು. ಅವನು ಹಿಡಿಯಲು ಹೋದ. ಪಕ್ಕದಲ್ಲಿ ನಾರು ಚರ್ಮವನ್ನು ಉಜ್ಜುವ ಸದ್ದು ಒಂದೇ ಸಮ ಕೇಳುತ್ತಿತ್ತು. ತನ್ನ ಮನೆಯ ಅಂಗಳದಲ್ಲಿ ಇವತ್ತು ಬೆಳಿಗ್ಗೆ ಮೂರು ಸಲ, ನಾಲ್ಕು ಸಲ ತೊಳೆದದ್ದು ಏನನ್ನು? ಆ ಬೇರಿನಲ್ಲಿ ಏನೂ ಇರಲಿಲ್ಲ. ಈ ಮನುಷ್ಯನ ಕೈಯಲ್ಲೂ ಏನೂ ಇರಲಿಲ್ಲ. ಇಬ್ಬರೂ ಇಲ್ಲದ್ದನ್ನೇ ತೊಳೆಯುತ್ತಿದ್ದೆವು, ಇರುವುದು ಇಲ್ಲಿ ಬುಟ್ಟಿಯಲ್ಲಿದೆ. ಅವನು ನಲ್ಲಿ ನಿಲ್ಲಿಸಿದ. ತೊಳೆಯದ ಬುಟ್ಟಿಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಇಪ್ಪತ್ತು ಹೆಜ್ಜೆ ಎಂದು ಅವತ್ತು ಅಂದಾಜು ಮಾಡಿದ್ದು ಸುಳ್ಳಾಗಿತ್ತು, ಹನ್ನೆರಡೇ ಇತ್ತು.

ಕರಿಕಲ್ಲಿನ ಅಂಚಿನ ಮೇಲೆ ಉಂಡೆಯನ್ನು ಬಿಡಿಸಿ ಇಟ್ಟ. ಮೇಘನಾ ವಿಡಿಯೋಕ್ಕೆಂದು ಫೋನು ಎತ್ತಿದವಳು ಹಾಗೇ ನಿಂತಳು. ಅಂಕಲ್ ಏನಿದು ಎಂದಳು.

"ಸಗಣಿ ಅಮ್ಮ. ಹತ್ತು ಬುಟ್ಟಿಯಲ್ಲೂ ಇದೆ. ನಿಮ್ಮ ಮೀನು ಸತ್ತಿದ್ದು ಇದ್ರಿಂದ. ಅವತ್ತು ನಾನು ಕಂಡಿದ್ದೆ. ನಿಮ್ಮೆಲ್ಲರ ಎದುರು ಸಗಣಿ ತೊಳೆಯಕ್ಕೆ ನಾಚಿಕೆ ಆತು, ಹಂಗೇ ಮುಳುಗಿಸಿದೆ. ಕನ್ನಪ್ಪಂದು ಏನೂ ಇಲ್ಲ."

ಪಂಪು ಗೊರಗೊರ ಎನ್ನುತ್ತಿತ್ತು. ಮೇಘನಾಳ ಮುಖ ಕೆಂಪಗಾಯಿತು. ಫೋನ್ ಮಾಡಿದಾಗ ಯಾಕೆ ಹೇಳಲಿಲ್ಲ, ನಾಲ್ಕು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದಳು. ಮೆಲ್ಲಗೆ ಕೇಳಿದ್ದರಿಂದ ಅದು ಹೆಚ್ಚು ತಾಗಿತು. ಹೆದರಿಕೆ ಎಂದ. ಗೆಳತಿಯ ಹೋಂಸ್ಟೇಗೂ ನಿಮ್ಮ ಹೆಸರು ಹೇಳಿದ್ದೆ ಎಂದಳು. ಹೇಳಿದ್ದೆ ಎಂಬುದರ ಆ ಭೂತಕಾಲವನ್ನು ಅವನು ಕೇಳಿಸಿಕೊಂಡ, ನ್ಯಾಯವೇ ಎಂದುಕೊಂಡ. ಗೌಡರು ಕುರ್ಚಿಯಿಂದೆದ್ದು ಬಂದು, ಅಂಚಿನ ಮೇಲಿನ ಉಂಡೆಯನ್ನು ಎರಡು ಬೆರಳಲ್ಲಿ ಎತ್ತಿ, ಒಡೆದು, ಮೂಗಿನ ಹತ್ತಿರ ಹಿಡಿದರು.

"ಬೂದಿ ಹಾಕಿದ್ದೀಯ. ಯಾರು ಕಟ್ಟಿದ್ದು?"

ನಾನೇ ಎಂದ ಸೀತಾರಾಮಪ್ಪ. ಗೌಡರು ಉಂಡೆಯ ಮೇಲಿನ ಗುಳಿಯನ್ನು ನೋಡಿದರು, ಅವನ ದಪ್ಪ ಹೆಬ್ಬೆರಳನ್ನು ನೋಡಿದರು. ನಮ್ಮ ಅಬ್ಬೆ ಸುವರ್ಣಗಡ್ಡೆಗೂ ಹೀಗೇ ಕಟ್ಟುತ್ತಿದ್ದಳು ಎಂದರು, ಸೊಸೆಗಲ್ಲ, ಕೊಳಕ್ಕೆ ಹೇಳಿದ ಹಾಗೆ. ಮತ್ತೆ, ಕೈ ನೋಡಿ ಹೇಳಿಬಿಟ್ಟೆನಲ್ಲ ಮಾರಾಯ ಎಂದರು. ಅವರ ಎರಡು ಬೆರಳಿಗೂ ಸಗಣಿ ಹತ್ತಿತ್ತು. ಒರೆಸಿಕೊಳ್ಳಲು ಏನೂ ಸಿಗದೆ ಪಂಚೆಯ ಅಂಚಿಗೆ ಒರೆಸಿಕೊಂಡರು. ಆಮೇಲೆ ಶೆಡ್ಡಿನ ಕಡೆ ತಿರುಗಿ, ಅಷ್ಟು ದೊಡ್ಡದಲ್ಲದ ಧ್ವನಿಯಲ್ಲಿ, ಕನ್ನಪ್ಪಾ, ಬಾರೋ ಇಲ್ಲಿ ಎಂದರು.

ಕನ್ನಪ್ಪ ಬಂದದ್ದು ತಡವಾಗಿ. ಶೆಡ್ಡಿನ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಕೊಳದ ಅಂಚಿಗೆ ಮೂರು ಮಾರು ಇರುವಾಗ ನಿಂತುಬಿಟ್ಟ. ನಾಲ್ಕು ದಿನದ ಅಭ್ಯಾಸ. ಗೌಡರು ತಪ್ಪಾಯಿತು ಎಂಬ ಮಾತನ್ನು ಆಡಲಿಲ್ಲ, ಆಡಲು ಬಾರದವರು. ನೀನಲ್ಲವಂತೆ ಎಂದರು. ಕನ್ನಪ್ಪ ಅವರ ಮುಖ ನೋಡಲಿಲ್ಲ. ಅವನು ನೋಡಿದ್ದು ಸೀತಾರಾಮಪ್ಪನನ್ನು. ಆ ನೋಟದಲ್ಲಿ ಕೃತಜ್ಞತೆ ಇರಬಹುದೆಂದು ಎಲ್ಲೋ ಒಳಗೆ ಆಸೆಪಟ್ಟಿದ್ದ ಸೀತಾರಾಮಪ್ಪನಿಗೆ ಅದು ಇಲ್ಲವೆಂದು ತಿಳಿದು ಕಿವಿ ಬಿಸಿಯಾಯಿತು.

"ಅಲ್ಲಣ್ಣ, ಆಗ್ಲೇ ನಲ್ಲಿ ಹತ್ರ ನಾನೇ ಕೊಂದೆ ಅಂದಾಗ ನಿಮ್ಮ ಕೈಯಲ್ಲಿತ್ತಲ್ಲ ಅದು."

ಹೌದು ಎಂದ ಸೀತಾರಾಮಪ್ಪ. ಇದಕ್ಕಿಂತ ಹೆಚ್ಚು ಹೇಳಿದರೆ ಮತ್ತೆ ತೊಳೆದ ಹಾಗಾಗುತ್ತದೆ ಎನಿಸಿತು.

ಯಾರೂ ಹೋಗಿ ಎನ್ನದ ಕಾರಣ ಅವನು ಕೆಲಸಕ್ಕೆ ಕೂತ. ಹತ್ತು ಬುಟ್ಟಿಗಳನ್ನೂ ನಲ್ಲಿಯ ಹತ್ತಿರ ಬಿಚ್ಚಿ, ಸಗಣಿಯನ್ನೆಲ್ಲ ಬಾಳೆಬುಡಕ್ಕೆ ಹಾಕಿ, ಬೇರು ತೊಳೆದು ತಂದ. ಹೊಸ ಎಂಟನ್ನು ಕೊಳಕ್ಕಿಳಿಸದೆ ಬೇರೆ ಬಕೆಟ್ಟಿನಲ್ಲಿಟ್ಟ. ಪ್ರಯಾಣದಲ್ಲಿ ಮುರಿದ ದಂಟಿನ ಹಾಲು ಎರಡು ದಿನ ಇಳಿದುಹೋಗಲಿ, ಬೇಕೆನಿಸಿದರೆ ಆಮೇಲೆ ಇಳಿಸಿ, ಬೇಡವೆಂದರೆ ಬಂದು ಒಯ್ಯುತ್ತೇನೆ ಎಂದು ಮೇಘನಾಳಿಗೆ ಹೇಳಿದ. ಅವಳು ತಲೆಯಾಡಿಸಿದಳು, ಯಾವುದಕ್ಕೆಂದು ತಿಳಿಯಲಿಲ್ಲ. ಆದರೆ ಮೀನು ಬಿಡುವ ಮೊದಲು ಎಷ್ಟು ದಿನ ಬಿಡಬೇಕು ಎಂದು ಕೇಳಿದಳು, ಒಂದು ವಾರ ಎಂದಾಗ ಫೋನಿನಲ್ಲಿ ಬರೆದುಕೊಂಡಳು. ಮೊಣಕಾಲೂರಿ ಮೊದಲ ಬುಟ್ಟಿಯನ್ನು ನೀರಿಗಿಳಿಸುವಾಗ ಅಂಚಿನ ಕಲ್ಲು ಸುಡುತ್ತಿತ್ತು. ಬುಟ್ಟಿ ವಾಲಿತು. ಅದನ್ನು ಹಿಡಿದು ಜಲ್ಲಿ ಒತ್ತಲು ಮೂರನೆಯ ಕೈ ಬೇಕಾಗಿತ್ತು; ಅವನು ಯಾರನ್ನೂ ಕರೆಯಲಿಲ್ಲ. ಪಕ್ಕದಲ್ಲಿ ನೆರಳು ಬಿತ್ತು. ನೀಲಿ ಉಗುರಿನ ಕೈಯೊಂದು ನೀರಿನ ಮೇಲೆ ಬಂದು, ಒಂದು ಕ್ಷಣ ತಡೆದು, ಮುಳುಗಿತು. ಮಣಿಕಟ್ಟಿನವರೆಗೆ ಮುಳುಗಿದ ಮೇಲೆ ಕನ್ನಪ್ಪ ಉಸಿರು ಬಿಟ್ಟ.

"ಎಷ್ಟು ಮುಳುಗಬೇಕು?"

ಬೇರು ಪೂರ್ತಿ, ಗಡ್ಡೆಯ ಕುತ್ತಿಗೆ ಮಾತ್ರ ನೀರಿನ ಮೇಲಿರಬೇಕು, ಇಲ್ಲದಿದ್ದರೆ ಕೊಳೆಯುತ್ತದೆ ಎಂದ. ಹತ್ತು ಬುಟ್ಟಿ ಮುಗಿಯುವವರೆಗೆ ಇಬ್ಬರೂ ಅಷ್ಟೇ ಮಾತಾಡಿದ್ದು: ಮೇಲೆ, ಇನ್ನೊಂಚೂರು, ಸಾಕು.

ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಕನ್ನಪ್ಪ ಹಿಂದಿನಿಂದ ಬಂದು, ಹಳ್ಳದ ದಂಡೆಯಿಂದ ಕಿತ್ತ ಒಂದು ಗಡ್ಡೆಯನ್ನು ಎಲೆಯಲ್ಲಿ ಸುತ್ತಿ ಕೈಗಿಟ್ಟ. ನಮ್ಮ ಕಡೆಯ ಕರಿಕೆಸ, ತಿನ್ನುವುದು, ತುರಿಸುವುದಿಲ್ಲ ಎಂದ. ಆಮೇಲೆ, ಇನ್ನೂ ಪೂರ್ತಿ ತಣಿಯದ ಮುಖದಲ್ಲಿಯೇ ಹೇಳಿದ: "ಮನೆಯವ್ರಿಗೆ ಕೊಡಿ. ಆ ಉಂಡೆ ಮೇಲಿದ್ದಿದ್ದು ಹೆಂಗಸ್ರ ಬೆರಳು, ಗೌಡ್ರಿಗೇ ಗೊತ್ತಾತು. ಇದಕ್ಕೆ ಸಗಣಿ ಕಟ್ಟೇ ನೆಡಕ್ಕೆ ಹೇಳಿ. ಮಣ್ಣಲ್ಲಿ."

ಕಾರ್ಗಲ್ಲಿನಲ್ಲಿ ಇಳಿದಾಗ ಬಿಸಿಲು ಇನ್ನೂ ಮರದ ತಲೆಯ ಮೇಲಿತ್ತು, ಪಶ್ಚಿಮದಲ್ಲಿ ಮಾತ್ರ ಮೋಡ ಕಟ್ಟತೊಡಗಿತ್ತು. ಬಸ್ಸಿನುದ್ದಕ್ಕೂ ಅವನು ಹೇಳಬೇಕಾದ್ದನ್ನು ಹೊಂದಿಸಿಕೊಂಡಿದ್ದ: ಮೊದಲು ಕರೆಂಟು ಹೋದದ್ದು, ಆಮೇಲೆ ಸೆಕೆ, ಆಮೇಲೆ ಸಣ್ಣದಾಗಿ ಸಗಣಿ. ಕೆರಿಯಮ್ಮ ಅಂಗಳದಲ್ಲಿ ತೊಟ್ಟಿಗಳಿಗೆ ನೀರು ತುಂಬುತ್ತಿದ್ದಳು. ಬೆಳಗಿನ ಸಿಟ್ಟು ಬೆನ್ನಿನಲ್ಲಿ ಕಾಣುತ್ತಿತ್ತು. ಹೊಂದಿಸಿಕೊಂಡದ್ದು ಒಂದೂ ಬಾಯಿಗೆ ಬರಲಿಲ್ಲ. ನೀನು ಕಟ್ಟಿದ ಬುತ್ತಿಯಿಂದ ಅವರ ಮೀನು ಸತ್ತವು, ನಾನು ಕಂಡೂ ತೊಳೆಯಲಿಲ್ಲ, ಬೇರೆಯವನ ತಲೆಗೆ ಬಂದಿತ್ತು, ಇವತ್ತು ಹೇಳಿ ಬಂದೆ ಎಂದುಬಿಟ್ಟ. ಅವಳು ಕೊಡವನ್ನು ತೊಟ್ಟಿಯ ಅಂಚಿಗಿಟ್ಟಳು.

"ಎಷ್ಟು ಮೀನು?"

ಒಂಬತ್ತು ಎಂದ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರಾಗಿರಬಹುದು.

"ಫೋನ್ ಬಂದ ದಿನಾನೇ ಹೇಳಿದ್ರೆ ನಾನೇ ಬಂದು ಹೇಳ್ತಿದ್ನಲ್ಲ. ನಾನು ಕಟ್ಟಿದ್ದು ಅಂತ. ಅದರಲ್ಲಿ ನಾಚಿಕೆ ಎಂತದು?"

ಅವನು ಎ‌ಲೆಯಲ್ಲಿ ಸುತ್ತಿದ ಗಡ್ಡೆಯನ್ನು ಕೊಟ್ಟ. ಅವಳು ಬಿಚ್ಚಿ, ಉಗುರಿನಿಂದ ಸಿಪ್ಪೆ ಗೀರಿ, ಮೂಸಿ, ಒಳ್ಳೆ ಜಾತಿ ಎಂದಳು. ಯಾರು ಕೊಟ್ಟದ್ದೆಂದು ಕೇಳಿದಳು. ಹೇಳಿದ. ಅವಳು ಕೊಟ್ಟಿಗೆಯ ಗೋಡೆಗೆ ಹೋಗಿ, ಬೆಳಿಗ್ಗೆ ಬಡಿದ ಎಂಟು ಉಂಡೆಗಳನ್ನೂ ಮುಟ್ಟಿ ಮುಟ್ಟಿ ನೋಡಿ, ಎಲ್ಲ ಒಣಗಿವೆ ಎಂದು ಒಳಗೆ ಹೋದಳು. ಹಸಿ ಸಗಣಿ ತಂದು, ಒಲೆಯ ಬೂದಿ ಸುರಿದು, ಅವನೆದುರು ಹಾಳೆಯಲ್ಲಿಟ್ಟಳು. ನಾನು ಗುಂಡಿ ತೋಡುತ್ತೇನೆ, ನೀವು ಕಟ್ಟಿ ಎಂದಳು. ಅವನು ಅಂಗಿಯ ತೋಳು ಮಡಿಸಿದ. ಬಚ್ಚಲ ನೀರು ಹರಿದು ಹೋಗುವ ಕಡೆ ಅವಳ ಗುದ್ದಲಿಯ ಸದ್ದು ಕೇಳುತ್ತಿತ್ತು. ಬೆಚ್ಚಗಿತ್ತು ಸಗಣಿ, ಬೂದಿಯ ಸಣ್ಣ ತರಿ ಬೆರಳಿಗೆ ಸಿಗುತ್ತಿತ್ತು. ಉಂಡೆ ಮಾಡಿ, ಗಡ್ಡೆಯ ಬುಡಕ್ಕೆ ಹಿಡಿದು, ಹೆಬ್ಬೆರಳಿನಿಂದ ಒತ್ತಿದ. ಅವಳದರ ಎರಡರಷ್ಟು ಅಗಲದ ಗುಳಿ ಬಿತ್ತು. ನೆಟ್ಟು ಮಣ್ಣು ಮುಚ್ಚಿದ ಮೇಲೆ, ಕೈ ತೊಳಕೊಳ್ಳಿ, ಚಾ ಇಡುತ್ತೇನೆ ಎಂದು ಅವಳು ಒಳಗೆ ನಡೆದಳು. ಅವನು ಕೈ ತೊಳೆಯದೆ ತೊಟ್ಟಿಯ ಪಕ್ಕ ಬಂದು ಕೂತ. ಉಗುರಿನ ಸಂದಿಯ ಹಸಿರು ಗೆರೆ ಒಣಗಿ ಬಿಗಿಯುತ್ತಿತ್ತು. ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಕಾಗೆಕೆಸದ ಎಲೆಯ ಮೇಲೆ ಮಳೆಯ ಮೊದಲ ದಪ್ಪ ಹನಿಯೊಂದು ಟಪ್ಪೆಂದು ಬಿದ್ದು, ಒದ್ದೆ ಮಾಡದೆ ಉರುಳಿ ತೊಟ್ಟಿಗೆ ಸೇರಿತು.